ಫೋಟೋ ಹುಟ್ಟಿದ್ದು ಪರದೆ ಬರೆಯೋ ಪೇಂಟರ್ ಕೈಯಲ್ಲಿ

[ಸ್ಕ್ರೀನ್: ಬೆಳದಿಂಗಳಲ್ಲಿ ಪಾಳುಬಿದ್ದ ಗಾಥಿಕ್ ಚರ್ಚಿನ ಪೇಂಟಿಂಗ್, ನಿಧಾನಕ್ಕೆ ಝೂಮ್]

ನಮಸ್ಕಾರ ಎಲ್ರಿಗೂ. ಈ ಚಿತ್ರ ಸ್ವಲ್ಪ ಹೊತ್ತು ನೋಡಿ. ಮೇಲೆ ಸೂರಿಲ್ಲ, ಕಮಾನುಗಳು ಮಾತ್ರ ನಿಂತಿದಾವೆ, ಹಿಂದಿಂದ ಚಂದ್ರನ ಬೆಳಕು. ಎಡಿನ್‌ಬರೋದ ಹೋಲಿರೂಡ್ ಚಾಪೆಲ್ ಇದು, ಬರೆದಿದ್ದು 1824ರ ಸುಮಾರಿಗೆ, ಬರೆದೋನು ಲೂಯಿ ಡಾಗೇರ್. ಹೌದು, ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಅದೇ ಡಾಗೇರ್. ಅವನು ಪೇಂಟರ್ ಆಗಿದ್ದ ಅನ್ನೋದನ್ನ ಎಲ್ರೂ ಒಂದೇ ಲೈನಲ್ಲಿ ಹೇಳಿ ಮುಂದೆ ಹೋಗ್ತಾರೆ, ನಂಗೆ ಮಾತ್ರ ಇಡೀ ಕಥೆ ಅಲ್ಲೇ ಇದೆ ಅನ್ಸುತ್ತೆ.

ಆ ಕಾಲ ನೆನಪಿಸ್ಕೊಳ್ಳಿ. ಫ್ಯಾಕ್ಟರಿ ಬರ್ತಿದೆ, ಊರುಗಳು ಹೊಗೆ ತುಂಬ್ಕೊಂಡು ಬೆಳೀತಿದಾವೆ, ಅದೇ ಹೊತ್ತಲ್ಲಿ ಯುರೋಪಿನ ಕಲಾವಿದರಿಗೆ ಪಾಳು ಮಠ, ಬಿರುಗಾಳಿ, ಮಂಜು, ಬೆಳದಿಂಗಳ ಹುಚ್ಚು ಹಿಡಿದಿತ್ತು. ಜರ್ಮನಿಯಲ್ಲಿ ಫ್ರೀಡ್ರಿಕ್ ಮುರಿದ ಗಾಥಿಕ್ (ಮೊನಚು ಕಮಾನಿನ ಹಳೇ ಯುರೋಪಿಯನ್ ಶೈಲಿ) ಗೋಡೆ ಬರೀತಿದ್ದ, ಇಂಗ್ಲೆಂಡಲ್ಲಿ ಟರ್ನರ್ ಬೆಳಕನ್ನೇ ಬರೀತಿದ್ದ. ರೊಮ್ಯಾಂಟಿಕ್ ಕಲೆ ಅಂತೀವಲ್ಲ, ಅದು.

ಡಾಗೇರ್ ಕೆಲಸ ಶುರು ಮಾಡಿದ್ದು ನಾಟಕದ ರಂಗಸಜ್ಜಿಕೆಯಲ್ಲಿ. 1822ರಲ್ಲಿ ಇನ್ನೊಬ್ಬ ಪೇಂಟರ್ ಬೂತೊನ್ ಜೊತೆ ಸೇರಿ ಪ್ಯಾರಿಸ್‌ನಲ್ಲಿ ಡಯೊರಾಮಾ ಅಂತ ಒಂದು ಶೋ ತೆಗೆದ. ನಮ್ಮ ಕಂಪನಿ ನಾಟಕದ ಪರದೆ ನೋಡಿದೀರಲ್ಲ, ಅದೇ ತರ ಬಟ್ಟೆ ಮೇಲೆ ಬರೆದ ಚಿತ್ರ, ಆದ್ರೆ ಸುಮಾರು 22 ಮೀಟರ್ ಅಗಲ, 14 ಮೀಟರ್ ಎತ್ತರ, ಬಟ್ಟೆ ಬೆಳಕು ತೂರೋವಷ್ಟು ತೆಳು. ಮುಂದಿಂದ ಬೆಳಕು ಬಿಟ್ರೆ ಒಂದು ದೃಶ್ಯ, ಹಿಂದಿಂದ ಬಿಟ್ರೆ ಇನ್ನೊಂದು. ಹಗಲಿದ್ದ ಕಣಿವೆ ನೋಡ್‌ನೋಡ್ತಾ ರಾತ್ರಿ ಆಗೋದು. ಒಂದು ಚಿತ್ರ ಮುಗಿದ್ಮೇಲೆ ಜನ ಕೂತಿರೋ ನೆಲವೇ ತಿರುಗಿ ಮುಂದಿನ ಚಿತ್ರದ ಎದುರು ನಿಲ್ತಿತ್ತು!

ಅಷ್ಟು ದೊಡ್ಡ ಚಿತ್ರದಲ್ಲಿ ಕಟ್ಟಡದ ಅಳತೆ ಸರಿ ಬರ್ಬೇಕಲ್ಲ, ಅದಕ್ಕೆ ಅವನು ಕ್ಯಾಮೆರಾ ಆಬ್ಸ್‌ಕ್ಯೂರಾ ಬಳಸ್ತಿದ್ದ. ಪೆಟ್ಟಿಗೆ, ಮುಂದೆ ಲೆನ್ಸ್, ಒಳಗೆ ಗಾಜಿನ ಮೇಲೆ ಹೊರಗಿನ ದೃಶ್ಯ ತಾನಾಗೇ ಬಂದು ಕೂರುತ್ತೆ, ಅದರ ಮೇಲೆ ಕೈಯಲ್ಲಿ ಗೆರೆ ಎಳೀಬೇಕು. ಪೆಟ್ಟಿಗೆ ತಿರುಗಿಸಿದ್ರೆ ಚಿತ್ರ ಹೋಯ್ತು. ದಿನಾ ಅದನ್ನ ನೋಡೋನಿಗೆ ಇದು ಇಲ್ಲೇ ನಿಲ್ಲಬಾರ್ದಾ ಅನ್ನಿಸದೇ ಇರುತ್ತಾ?

[ಸ್ಕ್ರೀನ್: ಮಸುಕಾದ ಛಾವಣಿಗಳು, ನಿಯೆಪ್ಸ್‌ನ ಲೆ ಗ್ರಾ ಮನೆಯ ಕಿಟಕಿಯ ನೋಟ]

ಅದನ್ನ ಮೊದಲು ನಿಲ್ಲಿಸಿದ್ದು ನಿಯೆಪ್ಸ್ ಅನ್ನೋ ಇನ್ನೊಬ್ಬ ಫ್ರೆಂಚ್ ಸಂಶೋಧಕ. 1826-27ರಲ್ಲಿ, ತವರ ಬೆರೆತ ಲೋಹದ ತಗಡಿಗೆ ಡಾಂಬರಿನಂಥ ಬಿಟುಮೆನ್ ಬಳಿದು, ಕಮ್ಮಿ ಅಂದ್ರೂ ಎಂಟು ಗಂಟೆ ಬಿಸಿಲಿಗೆ ತೆರೆದಿಟ್ಟು. 1829ರಲ್ಲಿ ಅವನೂ ಡಾಗೇರೂ ಪಾರ್ಟ್‌ನರ್ಸ್ ಆದ್ರು, 1833ರಲ್ಲಿ ನಿಯೆಪ್ಸ್ ತೀರ್ಕೊಂಡ. ಡಾಗೇರ್ ಬಿಡ್ಲಿಲ್ಲ. ತಾಮ್ರದ ತಗಡಿಗೆ ಬೆಳ್ಳಿ ಲೇಪ, ಅದಕ್ಕೆ ಅಯೋಡಿನ್ ಹೊಗೆ, ಕ್ಯಾಮೆರಾದಲ್ಲಿ ಕೆಲವೇ ನಿಮಿಷ. ಹೊರಗೆ ತೆಗೆದಾಗ ತಗಡಿನ ಮೇಲೆ ಏನೂ ಕಾಣಲ್ಲ, ಬಿಸಿ ಪಾದರಸದ ಹಬೆ ತಾಗಿದ್ರೆ ಚಿತ್ರ ಮೇಲೆ ಬರುತ್ತೆ. ಕಣ್ಣಿಗೆ ಕಾಣದ ಚಿತ್ರ ಒಳಗಿರುತ್ತೆ ಅನ್ನೋದೇ ದೊಡ್ಡ ಪಾಯಿಂಟು, ಗಂಟೆಗಳು ನಿಮಿಷಕ್ಕೆ ಇಳಿದಿದ್ದು ಅದರಿಂದ.

1838ರ ಅವನ ಪ್ಯಾರಿಸ್ ಬೀದಿ ಫೋಟೋದಲ್ಲಿ ಗಾಡಿ, ಜನ ಯಾರೂ ಇಲ್ಲ, ಓಡಾಡೋರು ಯಾರೂ ದಾಖಲಾಗ್ಲೇ ಇಲ್ಲ. ಮೂಲೆಯಲ್ಲಿ ಬೂಟ್ ಪಾಲಿಶ್ ಮಾಡಿಸ್ತಾ ನಿಂತಂಗೆ ಒಬ್ಬ ಮಾತ್ರ ಉಳ್ಕೊಂಡಿದಾನೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರಲ್ಲಿ ಅವನೊಬ್ಬ.

1839 ಜನವರಿ 7ಕ್ಕೆ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯಲ್ಲಿ ಡಾಗೇರ್ ವಿಧಾನದ ಸುದ್ದಿ ಹೊರಗೆ ಬಂತು. ಮಾರ್ಚ್ 8ಕ್ಕೆ, ಡಾಗೇರ್ ಟೆಲಿಗ್ರಾಫ್‌ನ ಮೋರ್ಸ್‌ನ ನೋಡಕ್ಕೆ ಹೋಗಿದ್ದಾಗ, ಡಯೊರಾಮಾಕ್ಕೆ ಬೆಂಕಿ ಬಿದ್ದು ಎಲ್ಲ ಸುಟ್ಟುಹೋಯ್ತು. ಆಗಸ್ಟ್ 19ಕ್ಕೆ ವಿಧಾನ ಪೂರ್ತಿ ಬಹಿರಂಗ, ಬದಲಿಗೆ ಫ್ರೆಂಚ್ ಸರ್ಕಾರದಿಂದ ಡಾಗೇರ್‌ಗೆ ವರ್ಷಕ್ಕೆ 6000 ಫ್ರಾಂಕ್ ಪಿಂಚಣಿ.

ಆಮೇಲೆ ಅವನು ಮಾಡಿದ್ದೇನು ಗೊತ್ತಾ, ಮತ್ತೆ ಕುಂಚ ಹಿಡಿದ. ಬ್ರಿ-ಸ್ಯೂರ್-ಮಾರ್ನ್ ಊರಿನ ಚಿಕ್ಕ ಚರ್ಚಿನಲ್ಲಿ, 1842ರಲ್ಲಿ, ಪೂಜಾಪೀಠದ ಹಿಂದೆ ಒಂದು ಡಯೊರಾಮಾ ಬರೆದ. ಎದುರು ನಿಂತ್ರೆ ಸಣ್ಣ ಚರ್ಚು ಉದ್ದಕ್ಕೂ ಬೆಳೆದು ದೊಡ್ಡ ಗಾಥಿಕ್ ಕೆಥೆಡ್ರಲ್ ಆದಂಗೆ ಕಾಣುತ್ತೆ. ಅವನ ಡಯೊರಾಮಾಗಳಲ್ಲಿ ಇವತ್ತಿಗೂ ಉಳಿದಿರೋದು ಅದೊಂದೇ, ಫ್ರಾನ್ಸಿಗೆ ಹೋಗೋರು ದಯವಿಟ್ಟು ನೋಡ್ಕೊಂಡು ಬನ್ನಿ.

ಇಂಗ್ಲೆಂಡಲ್ಲೂ ಹಿಂಗೇ. ಟಾಲ್ಬಟ್ ಅನ್ನೋ ವಿಜ್ಞಾನಿ 1833ರಲ್ಲಿ ಇಟಲಿಯ ಕೋಮೊ ಸರೋವರದ ಸ್ಕೆಚ್ ಮಾಡಕ್ಕೆ ಹೋಗಿ, ಕೈಗೆ ಬರ್ದೇ ಬೇಜಾರಾಗಿ, ಕಾಗದದ ಮೇಲೆ ಚಿತ್ರ ಹಿಡಿಯೋ ದಾರಿ ಹುಡುಕಿದ. 1835ರ ಅವನ ಪುಟಾಣಿ ನೆಗೆಟಿವ್‌ನಲ್ಲಿರೋದು ಅವನ ಮನೆ ಲೇಕಾಕ್ ಅಬ್ಬಿಯ ಕಿಟಕಿ, ಅದೂ ಒಂದು ಹಳೇ ಮಠ! ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದ್ರೂ ಪ್ರಿಂಟ್ ಹಾಕೋ ದಾರಿ ಅವನದ್ದು.

[ಸ್ಕ್ರೀನ್: ಹಂಪಿ, ಹಳೆಯ ಫೋಟೋಗಳು]

ಆ ಕಾಗದದ ನೆಗೆಟಿವ್, ಆ ಪಾಳಿನ ಮೋಹ ಎರಡೂ ನಮ್ಮ ಹಂಪಿಗೂ ಬಂತು. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಹೊತ್ತಿಗೆ ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದದ ಮೇಲೆ ಹಂಪಿ ಹಿಡಿದ. ಎಷ್ಟೋ ಕಾಲ ಯಾರಿಗೂ ಕಾಣದೆ ಇದ್ದ ಆ ನೆಗೆಟಿವ್‌ಗಳು ಮತ್ತೆ ಸಿಕ್ಮೇಲೆ, 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದ್ರು. ಈಗ ಜೇಬಿಂದ ಹೊಸ 50 ರೂಪಾಯಿ ನೋಟು ತೆಗೀರಿ, ಕಲ್ಲಿನ ರಥದ ತಲೆ ಚಪ್ಪಟೆ ಇದೆಯಲ್ವಾ? ಗ್ರೀನ್‌ಲಾ ಫೋಟೋದಲ್ಲಿ ಅದೇ ರಥದ ಮೇಲೆ ಇಟ್ಟಿಗೆ ಗೋಪುರ ನಿಂತಿದೆ. ಆಮೇಲೆ ಅದನ್ನ ತೆಗೆದುಹಾಕಿದ್ರು. ಎರಡೂ ಪಕ್ಕಪಕ್ಕ ಸ್ಕ್ರೀನ್ ಮೇಲೆ ಹಾಕ್ತಿದೀನಿ, ವಿಡಿಯೋ ನಿಲ್ಲಿಸಿ ನೋಡಿ.