ಚೌಕಟ್ಟಿನ ಮೇಲಿರುವ ಆ ಪುಟ್ಟ ಸಂಖ್ಯೆ

ಚಾಲಕರಹಿತ ಕಾರಿನ ಕ್ಯಾಮೆರಾ ಕಾಣುವ ರಸ್ತೆಯ ದೃಶ್ಯವೊಂದು ತೆರೆಯ ಮೇಲೆ ಓಡುತ್ತಿದೆ ಎಂದು ಊಹಿಸಿಕೊಳ್ಳಿ. ನಡೆದುಹೋಗುವ ಪ್ರತಿಯೊಬ್ಬರ ಸುತ್ತಲೂ ಒಂದು ಹಸಿರು ಚೌಕಟ್ಟು, ಅದರ ಮೇಲೊಂದು ಪುಟ್ಟ ಸಂಖ್ಯೆ ಇದೆ. ‘ಇಲ್ಲೊಬ್ಬ ಮನುಷ್ಯನಿದ್ದಾನೆ’ ಎನ್ನುವುದು ಚೌಕಟ್ಟು. ‘ಈತ ಕ್ಷಣದ ಹಿಂದೆ ಕಂಡವನೇ’ ಎನ್ನುವುದು ಸಂಖ್ಯೆ. ಚಾಲಕರಹಿತ ಕಾರುಗಳ ಬಗ್ಗೆ ಓದತೊಡಗಿದಾಗ ಮೊದಲನೆಯದೇ ಕಠಿಣವೆಂದು ನಾನು ನಂಬಿದ್ದೆ.

2005ರಲ್ಲಿ ನವನೀತ್ ದಲಾಲ್ ಮತ್ತು ಬಿಲ್ ಟ್ರಿಗ್ಸ್ ಪ್ರಕಟಿಸಿದ ವಿಧಾನವು, 64 ಪಿಕ್ಸೆಲ್ ಅಗಲ ಹಾಗೂ 128 ಪಿಕ್ಸೆಲ್ ಎತ್ತರದ ಕಿಟಕಿಯೊಂದನ್ನು ಚಿತ್ರದುದ್ದಕ್ಕೂ ಸರಿಸುತ್ತ, ಅಂಚುಗಳು ಯಾವ ದಿಕ್ಕಿಗೆ ಓಡುತ್ತವೆ ಎಂಬುದರಿಂದ ನಿಂತ ಮನುಷ್ಯನ ಆಕಾರವನ್ನು ಗುರುತಿಸುತ್ತಿತ್ತು. ಅಲ್ಲಿ ಏನನ್ನು ನೋಡಬೇಕೆಂದು ನಿರ್ಧರಿಸಿದವರು ಸಂಶೋಧಕರು. ಇಂದಿನ ನರಜಾಲಗಳೆಂಬ ಕಂಪ್ಯೂಟರ್ ಮಾದರಿಗಳಾದರೋ, ಜನರನ್ನು ಮೊದಲೇ ಗುರುತು ಮಾಡಿಟ್ಟ ಅಸಂಖ್ಯ ಚಿತ್ರಗಳಿಂದ ಅದನ್ನು ತಾವೇ ಕಲಿಯುತ್ತವೆ. ಕತ್ತಲಲ್ಲಿ ಕ್ಯಾಮೆರಾ ತಡವರಿಸಿದರೆ, ಲೇಸರ್ ಕಿರಣ ಮರಳಿ ಬರುವ ಸಮಯದಿಂದ ದೂರವನ್ನು ಅಳೆಯುವ ಲೈಡಾರ್ ಮತ್ತು ವೇಗವನ್ನು ನೇರವಾಗಿ ಅಳೆಯುವ ರಾಡಾರ್ ನೆರವಿಗೆ ಬರುತ್ತವೆ.

ಆದರೆ ಒಂದು ಫ್ರೇಮಿನಲ್ಲಿ ಕಂಡ ಮನುಷ್ಯನಿಗೆ ಹಿಂದುಮುಂದಿಲ್ಲ. ಅವನು ನಿಂತಿದ್ದಾನೆಯೇ, ರಸ್ತೆಗಿಳಿಯುತ್ತಿದ್ದಾನೆಯೇ ಎಂದು ತಿಳಿಯಲು ಅವನ ಜಾಡನ್ನು ಹಿಡಿಯಬೇಕು. ಇದಕ್ಕೆ ಇಂದಿಗೂ ಬಳಕೆಯಲ್ಲಿರುವ ಸಾಧನಗಳಲ್ಲೊಂದು, ಯಂತ್ರಕಲಿಕೆಯ ಈ ಭರಾಟೆಗಿಂತ ಎಷ್ಟೋ ಮೊದಲು, 1960ರಲ್ಲಿ ರುಡಾಲ್ಫ್ ಕಾಲ್ಮನ್ ಮಂಡಿಸಿದ ಸೋಸುಕ (ಫಿಲ್ಟರ್) ಎಂಬ ಲೆಕ್ಕಾಚಾರದ ವಿಧಾನ. ಅದು ಇದುವರೆಗಿನ ಚಲನೆಯಿಂದ ಮುಂದಿನ ಸ್ಥಾನವನ್ನು ಊಹಿಸಿ, ಹೊಸದಾಗಿ ಕಂಡದ್ದರೊಂದಿಗೆ ಹೋಲಿಸಿ, ಊಹೆಯನ್ನು ತಿದ್ದಿಕೊಳ್ಳುತ್ತದೆ. ಇದೇ ಲೆಕ್ಕದ ಬಲದಿಂದ, ಲಾರಿಯ ಹಿಂದೆ ಕ್ಷಣಕಾಲ ಮರೆಯಾದವರು ಆಚೆ ಬದಿಯಲ್ಲಿ ಅದೇ ಸಂಖ್ಯೆಯೊಂದಿಗೆ ಹೊರಬರುತ್ತಾರೆ.

ಈ ನೆನಪು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ, 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿಯಲ್ಲಿ ನಡೆದ ಅಪಘಾತಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಪಾದಚಾರಿಯೊಬ್ಬರು ಪರೀಕ್ಷಾರ್ಥ ಸಂಚಾರದಲ್ಲಿದ್ದ ಸ್ವಯಂಚಾಲಿತ ಕಾರು ಬಡಿದು ಮೃತಪಟ್ಟರು. ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ, ಕಾರು ಕುರುಡಾಗಿರಲಿಲ್ಲ, ಡಿಕ್ಕಿಗೆ 5.6 ಸೆಕೆಂಡು ಮೊದಲೇ ಅದು ಅವರನ್ನು ಪತ್ತೆಹಚ್ಚಿತ್ತು. ಆದರೆ ಒಮ್ಮೆ ವಾಹನವೆಂದೂ ಒಮ್ಮೆ ಬೇರೇನೋ ವಸ್ತುವೆಂದೂ ಮತ್ತೊಮ್ಮೆ ಸೈಕಲ್ ಎಂದೂ ಹೆಸರು ಬದಲಿಸುತ್ತ ಹೋಯಿತು. ಹೆಸರು ಬದಲಾದಾಗಲೆಲ್ಲ ಹಳೆಯ ಜಾಡನ್ನು ಕೈಬಿಟ್ಟು, ದಾರಿಯ ಊಹೆಯನ್ನು ಹೊಸದಾಗಿ ಆರಂಭಿಸುವಂತೆ ಆ ತಂತ್ರಾಂಶವನ್ನು ರೂಪಿಸಲಾಗಿತ್ತು. ದಾಟುಪಟ್ಟಿಯಿಲ್ಲದ ಕಡೆ ಜನ ರಸ್ತೆ ದಾಟಬಹುದು ಎಂಬ ಎಣಿಕೆಯೇ ಅದರಲ್ಲಿ ಇರಲಿಲ್ಲ.