ತರಗೆಲೆಗೆ ಕಡ್ಡಿ ಗೀರಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡ್ತಿರೋದು ನಮ್ಮ ಬೆಂಗಳೂರಿನ ರಸ್ತೆಗಳಲ್ಲಿ ಬೀಳೋ ಒಣಗಿದ ಎಲೆ ಬಗ್ಗೆ. ಸಂಕ್ರಾಂತಿ ಮುಗೀತಿದ್ದಂಗೆ ಶುರುವಾಗತ್ತೆ ನೋಡಿ, ಜಯನಗರ, ಮಲ್ಲೇಶ್ವರ, ಬಸವನಗುಡಿ, ಎಲ್ಲೆಲ್ಲಿ ಹಳೇ ಮರಗಳು ಉಳ್ಕೊಂಡಿವೆಯೋ ಅಲ್ಲೆಲ್ಲ ಹೊಂಗೆ ಎಲೆ ಉದುರತ್ತೆ, ಮಳೆಮರದ ಸಣ್ಣ ಎಲೆ ಕಾರಿನ ಮೇಲೆ, ಫುಟ್‌ಪಾತ್ ಮೇಲೆ, ಮೋರಿ ಬಾಯಲ್ಲಿ ತುಂಬ್ಕೊಳ್ಳತ್ತೆ, ಶಿವರಾತ್ರಿ ಹೊತ್ತಿಗೆ ಎಲ್ಲಿ ನೋಡಿದ್ರೂ ಗುಡ್ಡೆ ಗುಡ್ಡೆ. ಬೆಳಗ್ಗೆ ವಾಕಿಂಗ್ ಹೋಗೋರಿಗೆ ಆಮೇಲಿನ ಕಥೆ ಗೊತ್ತು. ಆ ಗುಡ್ಡೆಗೆ ಯಾರೋ ಕಡ್ಡಿ ಗೀರ್ತಾರೆ, ಬೀದಿ ತುಂಬ ಹೊಗೆ.

ಚಳಿಗಾಲದ ಬೆಳಗ್ಗೆ ನೆಲದ ಹತ್ರ ಗಾಳಿ ತಣ್ಣಗಿರತ್ತೆ, ಮೇಲಿನ ಗಾಳಿ ಸ್ವಲ್ಪ ಬೆಚ್ಚಗಿರತ್ತೆ, ಹಂಗಾಗಿ ಹೊಗೆ ಮೇಲೇಳಲ್ಲ, ನಮ್ಮ ಮೂಗಿನ ಮಟ್ಟದಲ್ಲೇ ಸುತ್ತಾಡ್ತಿರತ್ತೆ. ಅದರಲ್ಲಿರೋ ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿಯತ್ತೆ. ಸ್ಕೂಲ್ ವ್ಯಾನ್ ಕಾಯೋ ಮಕ್ಕಳು, ಆಸ್ತಮಾ ಇರೋ ಅಜ್ಜ ಅಜ್ಜಿ, ಎಲ್ಲರಿಗಿಂತ ಮೊದಲು ಗುಡಿಸೋ ಪೌರಕಾರ್ಮಿಕರು, ಇವರೆಲ್ಲ ಅದನ್ನೇ ಉಸಿರಾಡ್ತಾರೆ. ನಂಗೆ ಇದು ನಿಜವಾಗ್ಲೂ ಸಂಕಟ ಕೊಡೋ ವಿಷ್ಯ.

ಇನ್ನು ಉರಿದು ಹೋಗ್ತಿರೋದು ಏನು ಅಂತ ನೋಡಿ. ಮರದ ಬೇರು ನಮ್ಮ ಸಲಿಕೆ ಮುಟ್ಟದಷ್ಟು ಆಳದಿಂದ ಪೊಟ್ಯಾಶ್, ಸುಣ್ಣ, ಮೆಗ್ನೀಷಿಯಂ ಎಲ್ಲ ಎಳೆದು ಎಲೆಗೆ ಸೇರಿಸಿರತ್ತೆ, ಒಣಗಿದ ಎಲೆ ತೂಕದಲ್ಲಿ ಹತ್ರಹತ್ರ ಅರ್ಧ ಇಂಗಾಲ. ಬೆಂಕಿ ಹಚ್ಚಿದ್ರೆ ಇಂಗಾಲನೂ ಸಾರಜನಕನೂ ಗಾಳಿಗೆ ಹೋಗತ್ತೆ, ಉಳಿಯೋದು ಒಂದಿಷ್ಟು ಬೂದಿ, ಅದನ್ನೂ ಮೊದಲ ಮಳೆ ಮೋರಿಗೆ ತಳ್ಳತ್ತೆ. ಕಾಡಲ್ಲಿ ಅದೇ ಎಲೆ ಅಲ್ಲೇ ಕೊಳೆತು ಅದೇ ಮರದ ಬುಡಕ್ಕೆ ಸೇರ್ತಿತ್ತು. ಇಲ್ಲಿ ಮರದ ಬುಡದವರೆಗೂ ಕಾಂಕ್ರೀಟ್ ಹಾಕಿದೀವಿ, ಉದುರಿದ್ದನ್ನ ಸುಡ್ತೀವಿ, ಆಮೇಲೆ ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಗೊಬ್ಬರದ ಚೀಲ ತರ್ತೀವಿ.

ನಮ್ಮ ಮಲೆನಾಡಿನೋರು ಇದನ್ನ ಯಾವತ್ತೂ ಕಸ ಅಂದ್ಕೊಂಡಿಲ್ಲ. ಶಿರಸಿ, ಸಿದ್ದಾಪುರ ಕಡೆ ಅಡಿಕೆ ತೋಟ ಇರೋರಿಗೆ ಸೊಪ್ಪಿನ ಬೆಟ್ಟ ಅಂತ ಇರತ್ತೆ, ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದು ಸೊಪ್ಪು, ದರಕು ಅಂದ್ರೆ ಒಣಗಿದ ತರಗೆಲೆ ತರೋಕೆ ಅಂತಾನೇ. ಬೇಸಿಗೆಲಿ ದರಕು ಗುಡಿಸಿ, ಹೊತ್ತು ತಂದು, ಕೊಟ್ಟಿಗೆಲಿ ದನದ ಕಾಲಡಿಗೆ ಹಾಸ್ತಾರೆ, ಅದು ಸೆಗಣಿ ಗಂಜಲ ಕುಡಿದು ಗೊಬ್ಬರಗುಂಡಿ ಸೇರತ್ತೆ, ಅಲ್ಲಿಂದ ಅಡಿಕೆ ಬುಡಕ್ಕೆ. ನಮ್ಮ ಬಯಲುಸೀಮೆಲೂ ಅಷ್ಟೇ, ಹೊಲದ ಬದುವಲ್ಲಿ ಹೊಂಗೆ ಬೆಳೆಸಿದ್ದು ಬರೀ ನೆರಳಿಗಲ್ಲ, ಅದರ ಸೊಪ್ಪನ್ನ ಗದ್ದೆಗೆ ತುಳಿದು ಹಸಿರು ಗೊಬ್ಬರ ಮಾಡ್ತಿದ್ರು, ಪ್ರತಿ ಮನೆಗೂ ಒಂದು ತಿಪ್ಪೆ ಇತ್ತು. ಈಗ ಪರ್ಮಾಕಲ್ಚರ್ ಅನ್ನೋ ಮಾತು ಎಲ್ಲ ಕಡೆ ಕೇಳ್ತಿದೆಯಲ್ಲ, ಪ್ರಕೃತಿ ನಡೆಯೋ ರೀತಿಲೇ ತೋಟ, ಬದುಕು ರೂಪಿಸ್ಕೊಳ್ಳೋದು ಅಂತ, 1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಅನ್ನೋ ಇಬ್ಬರು ಅದಕ್ಕೊಂದು ರೂಪ ಕೊಟ್ರು, ಆಮೇಲೆ ಹೋಮ್‌ಗ್ರೆನ್ ಹೇಳಿದ 12 ತತ್ವಗಳಲ್ಲಿ ಒಂದು, ಕಸ ಅನ್ನೋದೇ ಹುಟ್ಟದಂಗೆ ಬದುಕಿ ಅಂತ. ಶಿರಸಿ ಕಡೆ ಕೊಟ್ಟಿಗೆ ನೋಡಿದೋರಿಗೆ ಈ ಮಾತು ಹೊಸದೇನಲ್ಲ.

ಬೆಂಗಳೂರಿಗೆ ಇನ್ನೊಂದು ಅದೃಷ್ಟ ಇದೆ. ಲಾಲ್‌ಬಾಗ್ ನೋಡ್ಕೊಂಡಿದ್ದ ಜರ್ಮನಿಯ ಕೃಂಬಿಗಲ್ ಅವರು ವರ್ಷದ ಒಂದೊಂದು ತಿಂಗಳಲ್ಲಿ ಒಂದೊಂದು ಜಾತಿ ಮರ ಹೂ ಬಿಡೋ ಥರ ರಸ್ತೆಗಳಿಗೆ ಮರ ಆರಿಸಿದ್ರು. ಎಲೆ ಉದುರೋದೂ ಹಂಗೇ, ಎಲ್ಲ ಮರದ್ದೂ ಒಂದೇ ಸಲ ಬೀಳಲ್ಲ, ಜನವರಿಯಿಂದ ಏಪ್ರಿಲ್‌ವರೆಗೂ ಒಂದಲ್ಲ ಒಂದು ಉದುರ್ತಾನೇ ಇರತ್ತೆ. ಗೊಬ್ಬರ ಮಾಡೋರಿಗೆ ಇದಕ್ಕಿಂತ ಅನುಕೂಲ ಬೇಕಾ.

ಈಗ ಮಾಡೋ ವಿಧಾನ. ಮನೆ ಹಿಂದೆ ಮೂರಡಿ ಜಾಗ ಇದ್ರೆ ಸಾಕು. ಕೋಳಿ ಮೆಶ್ ಸಿಗತ್ತಲ್ಲ, ಅದನ್ನ ಮೂರಡಿ ಅಗಲ, ಮೂರರಿಂದ ನಾಲ್ಕಡಿ ಎತ್ತರ ದುಂಡಗೆ ಸುತ್ತಿ ತಂತಿ ಕಟ್ಟಿ, ಮಣ್ಣಿನ ಮೇಲೆ ನಿಲ್ಲಿಸಿ. ತಳಕ್ಕೆ ಒಣ ಕಡ್ಡಿ ಹಾಕಿ, ಗಾಳಿ ಆಡ್ಲಿ ಅಂತ. ಆಮೇಲೆ ಒಂದಡಿ ಎಲೆ, ಅದರ ಮೇಲೆ ಸೆಗಣಿ ನೀರು ಚಿಮುಕಿಸಿ, ಸೆಗಣಿ ಸಿಗಲ್ಲ ಅಂದ್ರೆ ಹುಳಿ ಮಜ್ಜಿಗೆಗೆ ಚೂರು ಬೆಲ್ಲ ಕದಡಿ ಹಾಕಿ, ಚೆನ್ನಾಗಿ ತುಳೀರಿ, ಮತ್ತೆ ಎಲೆ. ಜನ ಬಿಟ್ಟುಬಿಡೋದು ನೀರನ್ನ. ಒಣ ಎಲೆ ಒಣಗೇ ಇದ್ರೆ ವರ್ಷ ಆದ್ರೂ ಎಲೆಯಾಗೇ ಇರತ್ತೆ, ಹಿಡಿ ಎಲೆ ಹಿಂಡಿದ್ರೆ ಕೈ ಒದ್ದೆ ಆಗ್ಬೇಕು ಆದ್ರೆ ನೀರು ಹರಿದು ಬೀಳಬಾರದು, ಆ ಹದ. ವಾರಕ್ಕೊಂದು ಸಲ ತರಕಾರಿ ತೊಳೆದ ನೀರು ಹುಯ್ದರೆ ಸರಿ ಹೋಗತ್ತೆ. ಗುಡ್ಡೆ ಒಳಗೆ ಕೈ ಹಾಕಿದ್ರೆ ಬಿಸಿ ತಾಗತ್ತೆ, ಒಳ್ಳೇ ಗುಡ್ಡೆಲಿ 55 ಡಿಗ್ರಿ ದಾಟೋದುಂಟು, ಆ ಬಿಸಿಗೆ ಕಳೆ ಬೀಜ, ರೋಗದ ಕ್ರಿಮಿ ಬಹುಪಾಲು ಸಾಯತ್ತೆ. ತಿಂಗಳಿಗೊಂದು ಸಲ ಮೇಲೆ ಕೆಳಗೆ ಮಾಡಿ. ಮಳೆಮರದ ಎಲೆ ಬೇಗ ಕೊಳೆಯತ್ತೆ, ಅದು ದ್ವಿದಳ ಜಾತಿ, ಸಾರಜನಕ ಚೆನ್ನಾಗಿದೆ. ಮಾವು, ಹಲಸಿನ ಎಲೆ ದಪ್ಪ, ಮುರಿದು ಪುಡಿ ಮಾಡಿ ಹಾಕಿ. ನೀಲಗಿರಿ, ಸರ್ವೆ ಎಲೆ ಬೇರೆ ಇಡಿ, ಅವು ತುಂಬ ಟೈಮ್ ತಗೊಳ್ಳತ್ತೆ.

ಫ್ಲ್ಯಾಟಲ್ಲಿ ಇರೋರು ನಮಗೆ ಜಾಗ ಎಲ್ಲಿ ಸ್ವಾಮಿ ಅಂತಾರೆ. ನಿಮಗೆ ಎಲೆ ಇನ್ನೂ ಜಾಸ್ತಿ ಬೇಕು. ಅಡುಗೆಮನೆ ಹಸಿ ಕಸ ಡಬ್ಬಿಲಿ ಗೊಬ್ಬರ ಮಾಡೋಕೆ ಹೋಗಿ, ವಾಸನೆ ಬಂತು, ನುಸಿ ಬಂತು ಅಂತ ಬಿಟ್ಟೋರು ಎಷ್ಟು ಜನ ಇದಾರೆ. ಕಾರಣ ಒಂದೇ, ಹಸಿದು ಜಾಸ್ತಿ, ಒಣದು ಕಮ್ಮಿ. ಕೊಳೆಸೋ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಬೇಕು, ತರಕಾರಿ ಸಿಪ್ಪೆಲಿ ಅಷ್ಟು ಇಂಗಾಲ ಇರಲ್ಲ, ಒಣ ಎಲೆಲಿ ಧಾರಾಳವಾಗಿದೆ. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಪುಡಿ ಮಾಡಿದ ಎಲೆ ಹಾಕಿ ಮುಚ್ಚಿ, ವಾಸನೆ ನಿಲ್ಲತ್ತೆ. ಡಬ್ಬಿಲಿ ಬಿಳಿ ಹುಳ ಬಂದ್ರೆ ಹೆದರಬೇಡಿ, ಅವು ಕೊಳೆಸೋಕೇ ಬಂದಿರೋದು, ತೀರಾ ಜಾಸ್ತಿ ಆದ್ರೆ ಇನ್ನೊಂದಿಷ್ಟು ಎಲೆ ಸುರೀರಿ. ಫೆಬ್ರವರಿಲಿ ನಾಲ್ಕೈದು ಮೂಟೆ ಎಲೆ ತುಂಬಿ ಬಾಲ್ಕನಿ ಮೂಲೆಲಿ ಇಟ್ಕೊಂಡ್ರೆ ಬಹಳ ತಿಂಗಳು ಬರತ್ತೆ.

ತಾರಸಿ ಮೇಲೆ ಬೆಳೆಯೋರಿಗೆ ಎಲೆಗೊಬ್ಬರದಿಂದ ಇನ್ನೊಂದು ಉಪಕಾರ. ಒದ್ದೆ ಮಣ್ಣು ಒಂದು ಘನ ಮೀಟರ್‌ಗೆ ಒಂದೂವರೆ ಟನ್ ಮೀರತ್ತೆ, ಅಷ್ಟು ಭಾರ ಮೋಲ್ಡಿಂಗ್ ಮೇಲೆ ಹೇರೋದು ಬೇಡ. ಕೆಂಪು ಮಣ್ಣು ಒಂದು ಪಾಲು, ಎಲೆಗೊಬ್ಬರ ಎರಡು ಪಾಲು ಹಾಕಿ, ಭಾರ ಕಮ್ಮಿ, ನೀರು ಹಿಡಿಯೋದು ಜಾಸ್ತಿ. ಮಿಕ್ಕ ಒಣ ಎಲೆನ ಕುಂಡದ ಮೇಲೆ ಎರಡು ಮೂರು ಇಂಚು ಹೊದಿಸಿ, ಸಾವಯವ ರೈತರು ಆಚ್ಛಾದನ ಅಂತಾರಲ್ಲ ಅದೇ. ಬಿಸಿಲು ನೇರ ಮಣ್ಣಿಗೆ ತಾಗಲ್ಲ, ನೀರು ಆವಿಯಾಗೋದು ಕಡಿಮೆ ಆಗತ್ತೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಅದೂ ಪಂಪ್ ಮಾಡಿ ಮೇಲೆ ಎತ್ಕೊಂಡು ನಮ್ಮ ನಲ್ಲಿಗೆ ಬರ್ತಿದೆ, 2024ರ ಬೇಸಿಗೆಲಿ ಟ್ಯಾಂಕರ್‌ಗೆ ಕಾದಿದ್ದು ಯಾರಿಗೂ ಮರೆತಿಲ್ಲ. ಗಿಡಕ್ಕೆ ಹುಯ್ಯೋ ಒಂದೊಂದು ಮಗ್ ನೀರಿಗೂ ಬೆಲೆ ಇದೆ.

ಕಾನೂನೂ ಈ ಕಡೆನೇ ಇದೆ. 2016ರ ಘನತ್ಯಾಜ್ಯ ನಿಯಮದಲ್ಲೇ ಕಸ ಸುಡಬಾರದು ಅಂತ ಸ್ಪಷ್ಟವಾಗಿತ್ತು, ಅದೇ ವರ್ಷ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದ್ರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡ್ತು. ಆದ್ರೆ ದಯವಿಟ್ಟು ಇದನ್ನ ಹಿಡ್ಕೊಂಡು ಗುಡಿಸೋ ಅಮ್ಮನ ಮೇಲೆ ಜೋರು ಮಾಡಬೇಡಿ. ಗುಡಿಸಿದ ಎಲೆ ಹಾಕೋಕೆ ಜಾಗ ಇಲ್ಲ, ಎಲೆಗೆ ಅಂತ ಬೇರೆ ಗಾಡಿ ಹೊತ್ತಿಗೆ ಬರಲ್ಲ, ರಸ್ತೆ ಮಾತ್ರ ಕ್ಲೀನ್ ಇರ್ಬೇಕು ಅಂತ ನಾವೆಲ್ಲ ಒತ್ತಡ ಹಾಕ್ತೀವಿ, ಅವರು ಏನು ಮಾಡ್ಬೇಕು. ನಿಮ್ಮ ಬೀದಿಲಿ ನಾಲ್ಕು ಮನೆಯೋರು ಸೇರಿ, ಪಾರ್ಕಿನ ಒಂದು ಮೂಲೆಲಿ ಎರಡು ಮೆಶ್ ಗೂಡು ನಿಲ್ಲಿಸೋಕೆ ವಾರ್ಡಿನ ಇಂಜಿನಿಯರ್ ಹತ್ರ ಅನುಮತಿ ಕೇಳಿ, ಅಕ್ಕಾ, ಎಲೆ ಇದರಲ್ಲೇ ಸುರಿದುಬಿಡಿ ಅಂತ ಹೇಳಿ, ಪ್ಲಾಸ್ಟಿಕ್ ಕವರ್ ಆರಿಸೋ ಕೆಲಸ ನೀವೇ ಇಟ್ಕೊಳ್ಳಿ. ಪಾರ್ಕ್ ಇಲ್ದಿದ್ರೆ ದೇವಸ್ಥಾನದ ಆವರಣ, ಸ್ಕೂಲ್ ಕಾಂಪೌಂಡ್ ಕೇಳಿ ನೋಡಿ, ಹೂವಿನ ನಿರ್ಮಾಲ್ಯನೂ ಅದಕ್ಕೇ ಸೇರತ್ತೆ. ಕೈಯಾರೆ ಕಲೀಬೇಕು ಅನ್ನೋರಿಗೆ ಎಚ್‌ಎಸ್‌ಆರ್ ಲೇಔಟಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಇದೆ, ಥರಥರದ ಗೊಬ್ಬರದ ಡಬ್ಬಿಗಳನ್ನ ಅಲ್ಲೇ ನೋಡಬಹುದು.

ಶಿವರಾತ್ರಿ ಹೊತ್ತಿಗೆ ತುಂಬಿದ ಗೂಡು ಮುಂಗಾರು ಬರೋಷ್ಟರಲ್ಲಿ ಕುಸಿದು ಮೂರರಲ್ಲೊಂದು ಪಾಲಾಗಿರತ್ತೆ, ಬುಡದಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರೋ ಗೊಬ್ಬರ. ಜರಡಿ ಹಿಡಿದು ಬಿದ್ದಿದ್ದನ್ನ ಚೀಲಕ್ಕೆ ತುಂಬಿ, ಜರಡಿಲಿ ಉಳಿದಿದ್ದನ್ನ ವಾಪಸ್ ಗೂಡಿಗೆ ಹಾಕಿ. ಜೂನಲ್ಲಿ ಬೆಂಡೆ, ಬದನೆ, ಮೆಣಸಿನ ಸಸಿ ಇಡೋಕೆ ಇದೇ ಸಾಕು, ಜುಲೈ ಆಗಸ್ಟಲ್ಲಿ ಅವರೆ ಬೀಜ ಹಾಕೋವಾಗ ಗುಂಡಿಗೊಂದು ಬೊಗಸೆ ಕೊಡಿ. ನಮಸ್ಕಾರ.