ಗೋಲಿನ ಮುಂದೆ ಇಪ್ಪತ್ತೆರಡು ವರ್ಷ

ಕೇಳುಗರಿಗೆ ನಮಸ್ಕಾರ.

ಫುಟ್‌ಬಾಲ್ ತಂಡದಲ್ಲಿ ಹನ್ನೊಂದು ಜನ ಆಡುತ್ತಾರೆ. ಎಡಗಡೆ ಆಡುವವನನ್ನು ಬೇಕಾದರೆ ಬಲಗಡೆಗೆ ಹಾಕಬಹುದು. ರಕ್ಷಣೆಯಲ್ಲಿ ಜಾಗವಿಲ್ಲದವನನ್ನು ಮುಂದಕ್ಕೆ ಸರಿಸಬಹುದು. ಕೊನೆಯ ಇಪ್ಪತ್ತು ನಿಮಿಷಕ್ಕೆ ಹೊಸ ಹುಡುಗನೊಬ್ಬನನ್ನು ಇಳಿಸಿ ನೋಡಬಹುದು. ಗೋಲ್‌ಕೀಪರ್ ವಿಷಯದಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಇರುವುದು ಒಂದೇ ಜಾಗ. ಅಲ್ಲಿ ಒಬ್ಬ ಗಟ್ಟಿಯಾಗಿ ನಿಂತನೆಂದರೆ ತಂಡದ ಉಳಿದ ಇಬ್ಬರು ಗೋಲ್‌ಕೀಪರ್‌ಗಳು ಬೆಂಚಿನ ಮೇಲೆ ಕೂರಬೇಕು, ಕೆಲವೊಮ್ಮೆ ವರ್ಷಗಟ್ಟಲೆ. ಈಜಿಪ್ಟಿನ ಎಸ್ಸಾಂ ಎಲ್ ಹದರಿ ಆ ಒಂದೇ ಜಾಗಕ್ಕಾಗಿ 1996ರಿಂದ 2018ರವರೆಗೆ ಹೋರಾಡಿದವರು. ದೇಶಕ್ಕಾಗಿ 159 ಪಂದ್ಯ ಆಡಿದರು. ಆಫ್ರಿಕಾ ಕಪ್ ಗೆದ್ದ ನಾಲ್ಕು ತಂಡಗಳಲ್ಲಿ ಇದ್ದರು. ಅವರ ಹೆಸರು ಬಂದಾಗಲೆಲ್ಲ ಎಲ್ಲರೂ ಮೊದಲು ಹೇಳುವುದು ವಯಸ್ಸಿನ ದಾಖಲೆಯನ್ನು, ವಿಶ್ವಕಪ್ ಆಡಿದ ಅತ್ಯಂತ ಹಿರಿಯ ಆಟಗಾರ ಎಂಬುದನ್ನು. ನನಗೆ ಮಾತ್ರ ಅವರು ಬೆಂಚಿನ ಮೇಲೆ ಕಳೆದ ಕಾಲ ಆ ದಾಖಲೆಗಿಂತ ದೊಡ್ಡದಾಗಿ ಕಾಣುತ್ತದೆ.

ಹದರಿ ಹುಟ್ಟಿದ್ದು 1973ರ ಜನವರಿ 15ರಂದು, ದಮಿಯೆಟ್ಟಾ ಪ್ರಾಂತ್ಯದ ಕಫ್ರ್ ಅಲ್ ಬತ್ತೀಖ್ ಎಂಬಲ್ಲಿ. ನೈಲ್ ನದಿಯ ಒಂದು ಕವಲು ಮೆಡಿಟರೇನಿಯನ್ ಸಮುದ್ರ ಸೇರುವುದು ಆ ಸೀಮೆಯಲ್ಲಿ. ಮೇಜು, ಕುರ್ಚಿ, ಮಂಚ ಮಾಡುವ ಬಡಗಿಗಳಿಗೆ ಹೆಸರಾದ ನಾಡು ಅದು. ಹುಡುಗ ಫುಟ್‌ಬಾಲ್ ಆಡುವುದು ತಂದೆಗೆ ಇಷ್ಟವಿರಲಿಲ್ಲ. ಆಡಿದ ಗುರುತು ಸಿಗಬಾರದೆಂದು ಕೆಸರಾದ ಬಟ್ಟೆಯನ್ನು ನದಿಯಲ್ಲೇ ತೊಳೆದುಕೊಂಡು ಮನೆಗೆ ಹೋಗುತ್ತಿದ್ದ ಎಂಬ ಕತೆ ಈಜಿಪ್ಟಿನಲ್ಲಿ ಬಹಳ ಜನರಿಗೆ ಗೊತ್ತು. ಮೊದಲು ಊರ ಕಡೆಯ ದಮಿಯೆಟ್ಟಾ ಕ್ಲಬ್ಬು, 1996ರಲ್ಲಿ ಕೈರೋದ ಅಲ್ ಅಹ್ಲಿ. ಅದೇ ವರ್ಷ ರಾಷ್ಟ್ರೀಯ ತಂಡದ ಅಂಗಿ.

ಅಂಗಿ ಸಿಕ್ಕಿತು, ಜಾಗ ಸಿಗಲಿಲ್ಲ. 1998ರಲ್ಲಿ ಬುರ್ಕಿನಾ ಫಾಸೊದಲ್ಲಿ ಈಜಿಪ್ಟ್ ಆಫ್ರಿಕಾ ಕಪ್ ಗೆದ್ದಾಗ ಗೋಲಿನ ಮುಂದೆ ನಿಂತಿದ್ದವರು ನಾದರ್ ಎಲ್ ಸಯ್ಯದ್. ಹದರಿ ಮೀಸಲು ಆಟಗಾರ. ಎಂಟು ವರ್ಷ ಕಳೆದು, 33 ವಯಸ್ಸಾದಾಗ, ಅವರ ದೊಡ್ಡ ದಿನ ಬಂದಿತು. ಗೋಲ್‌ಕೀಪರ್ ಅಲ್ಲದ ಆಟಗಾರರು ಇಳಿಮುಖವಾಗುವ ವಯಸ್ಸು ಅದು.

2006ರ ಫೆಬ್ರವರಿ 10, ಕೈರೋ ಅಂತರರಾಷ್ಟ್ರೀಯ ಕ್ರೀಡಾಂಗಣ. ಆಫ್ರಿಕಾ ಕಪ್ ಫೈನಲ್, ಎದುರಾಳಿ ಐವರಿ ಕೋಸ್ಟ್. ಹೆಚ್ಚುವರಿ ಅವಧಿ ಮುಗಿದರೂ ಒಂದೂ ಗೋಲಿಲ್ಲ. ಇನ್ನು ಪೆನಾಲ್ಟಿ ಶೂಟೌಟ್: ಎರಡೂ ತಂಡಗಳು ಸರದಿಯಂತೆ ಐದೈದು ಪೆನಾಲ್ಟಿ ಹೊಡೆದು ಗೆಲುವು ತೀರ್ಮಾನಿಸುವುದು. ಪೆನಾಲ್ಟಿ ಎಂದರೇನೆಂದು ಸ್ವಲ್ಪ ಯೋಚಿಸಿ. ಚೆಂಡಿಗೂ ಗೋಲ್ ಗೆರೆಗೂ ಹನ್ನೊಂದು ಮೀಟರ್ ದೂರ. ಗೋಲಿನ ಅಗಲ ಏಳು ಮೀಟರಿಗೂ ಹೆಚ್ಚು, ಎತ್ತರ ಸುಮಾರು ಎರಡೂವರೆ ಮೀಟರ್. ಹೊಡೆತ ಬಂದ ಮೇಲೆ ನೋಡಿ ಹಾರುತ್ತೇನೆ ಎನ್ನುವಷ್ಟು ಸಮಯವಿಲ್ಲ. ಓಡಿ ಬರುವವನ ಸೊಂಟದ ತಿರುವು, ಊರಿದ ಕಾಲಿನ ದಿಕ್ಕು, ಇಷ್ಟನ್ನು ಓದಿ ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ಐವರಿ ಕೋಸ್ಟ್ ಪರ ಮೊದಲು ಬಂದವರು ದಿದಿಯೆ ದ್ರೋಗ್ಬಾ. ಯುರೋಪಿನ ರಕ್ಷಣಾ ಆಟಗಾರರು ಬೆದರುತ್ತಿದ್ದ ಆಟಗಾರ ಅವರು. ಹದರಿ ಆ ಹೊಡೆತವನ್ನು ತಡೆದರು. ಬಳಿಕ ಬಕರಿ ಕೋನೆ ಹೊಡೆದದ್ದನ್ನೂ ತಡೆದರು. ಈಜಿಪ್ಟ್ 4–2ರಿಂದ ಗೆದ್ದಿತು.

ತರಬೇತುದಾರ ಹಸನ್ ಶೆಹಾತಾ ಅವರ ಕೈಯಲ್ಲಿ ಈಜಿಪ್ಟ್ 2008 ಮತ್ತು 2010ರಲ್ಲೂ ಕಪ್ ಗೆದ್ದಿತು. ಸತತ ಮೂರು ಸಲ ಆಫ್ರಿಕಾ ಕಪ್ ಗೆದ್ದ ದೇಶ ಬೇರೊಂದಿಲ್ಲ. ಮೂರರಲ್ಲೂ ಗೋಲ್‌ಕೀಪರ್ ಹದರಿಯೇ. ಅವರನ್ನು ಜನ ‘ಹೈ ಡ್ಯಾಂ’ ಎಂದು ಕರೆದರು, ಆಸ್ವಾನ್‌ನ ಆ ಮಹಾ ಅಣೆಕಟ್ಟಿನ ಹೆಸರಿನಲ್ಲಿ.

ಅವರ ವೃತ್ತಿಯಲ್ಲಿ ಕಪ್ಪುಚುಕ್ಕೆ ಇಲ್ಲದಿಲ್ಲ. 2008ರ ಕಪ್ ಗೆದ್ದ ಕೆಲವೇ ದಿನಗಳಲ್ಲಿ ಅಲ್ ಅಹ್ಲಿಯ ಒಪ್ಪಿಗೆಯಿಲ್ಲದೆ ಸ್ವಿಟ್ಜರ್ಲೆಂಡಿನ ಸಿಯೋನ್ ಕ್ಲಬ್ಬಿಗೆ ಹೊರಟುಹೋದರು. ಹನ್ನೆರಡು ವರ್ಷ ಮೆರೆಸಿದ ಅಭಿಮಾನಿಗಳು ರೊಚ್ಚಿಗೆದ್ದರು. ಫಿಫಾ ನಾಲ್ಕು ತಿಂಗಳ ನಿಷೇಧ ವಿಧಿಸಿತು. ಆಮೇಲೆ ಇಸ್ಮಾಯಿಲಿ, ನಂತರ ಅಲ್ ಅಹ್ಲಿಯ ಬದ್ಧ ಎದುರಾಳಿ ಜಮಾಲೆಕ್. ಅಲ್ ಅಹ್ಲಿಯವರ ಸಿಟ್ಟು ನ್ಯಾಯವಾದದ್ದೇ ಎಂದು ನನಗನಿಸುತ್ತದೆ. ಒಪ್ಪಂದ ಎಂದರೆ ಒಪ್ಪಂದ. ಆದರೆ ವಯಸ್ಸು ಮೂವತ್ತೈದಾಗಿತ್ತು, ಯುರೋಪಿನಲ್ಲಿ ಆಡಬೇಕೆಂಬ ಆಸೆ ಇನ್ನೂ ಇತ್ತು. ಆ ಆತುರ ನನಗೆ ಅರ್ಥವಾಗುತ್ತದೆ.

ಇಷ್ಟೆಲ್ಲ ಗೆದ್ದವರಿಗೆ ಒಂದು ಮಾತ್ರ ದಕ್ಕಿರಲಿಲ್ಲ: ವಿಶ್ವಕಪ್. ಈಜಿಪ್ಟ್ 1990ರ ನಂತರ ವಿಶ್ವಕಪ್ಪಿನ ಮುಖವನ್ನೇ ಕಂಡಿರಲಿಲ್ಲ. 2009ರ ಜೂನ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ, ಕಾನ್ಫೆಡರೇಷನ್ಸ್ ಕಪ್ ಪಂದ್ಯವೊಂದರಲ್ಲಿ, ಇದೇ ಈಜಿಪ್ಟ್ ಆಗಿನ ವಿಶ್ವ ಚಾಂಪಿಯನ್ ಇಟಲಿಯನ್ನು 1–0ಯಿಂದ ಸೋಲಿಸಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಅರ್ಹತಾ ಸುತ್ತಿನ ಕೊನೆಯ ಪಂದ್ಯ ಕೈರೋದಲ್ಲಿ ಅಲ್ಜೀರಿಯಾ ಎದುರು. ನಿಗದಿತ ಸಮಯ ಮುಗಿದ ಮೇಲೆ ಸೇರಿಸುವ ಇಂಜುರಿ ಅವಧಿಯಲ್ಲಿ ಬಂದ ಗೋಲಿನಿಂದ ಈಜಿಪ್ಟ್ 2–0 ಗೆದ್ದಾಗ ಅಂಕ, ಗೋಲುಗಳ ಲೆಕ್ಕ ಎಲ್ಲವೂ ಎರಡು ತಂಡಗಳಿಗೂ ಸರಿಸಮವಾಯಿತು. ಹಾಗಾಗಿ ನಾಲ್ಕು ದಿನ ಬಿಟ್ಟು ತಟಸ್ಥ ನೆಲದಲ್ಲಿ, ಸುಡಾನಿನ ಒಮ್‌ದುರ್ಮಾನ್‌ನಲ್ಲಿ, ಇನ್ನೊಂದು ಪಂದ್ಯ ಆಡಬೇಕಾಯಿತು. ಅಲ್ಜೀರಿಯಾದ ಅಂತರ್ ಯಾಹಿಯಾ ಒಂದೇ ಗೋಲು ಹೊಡೆದರು. ಅಷ್ಟಕ್ಕೆ ಎಲ್ಲ ಮುಗಿಯಿತು. ಆ ಪಂದ್ಯ ನಡೆದದ್ದು ಅಲ್ ಮೆರ್ರಿಖ್ ಕ್ಲಬ್ಬಿನ ಕ್ರೀಡಾಂಗಣದಲ್ಲಿ. 2011ರಲ್ಲಿ ಹದರಿ ಸೇರಿದ್ದು ಅದೇ ಅಲ್ ಮೆರ್ರಿಖ್ ಕ್ಲಬ್ಬನ್ನು. ತನ್ನ ಕನಸು ಮುರಿದ ಮೈದಾನವನ್ನೇ ತವರು ಮೈದಾನವಾಗಿ ಒಪ್ಪಿಕೊಂಡು, ಅಲ್ಲೇ ದಿನವೂ ಹೋಗಿ ಅಭ್ಯಾಸ ಮಾಡುವುದೆಂದರೆ ಎಂಥ ಗಟ್ಟಿ ಮನಸ್ಸು ಬೇಕು!

ಮುಂದೆ ಕ್ಲಬ್ಬುಗಳು ಬದಲಾಗುತ್ತ ಹೋದವು. ರಾಷ್ಟ್ರೀಯ ತಂಡದಲ್ಲಿ ಕಿರಿಯರು ಬಂದರು. ಒಬ್ಬ ಅಹ್ಮದ್ ಎಲ್ ಶೆನಾವಿ. ಇನ್ನೊಬ್ಬ ಶರೀಫ್ ಇಕ್ರಾಮಿ. ಇವರ ತಂದೆ ಕೂಡ ಒಂದು ಕಾಲಕ್ಕೆ ಈಜಿಪ್ಟಿನ ಗೋಲ್‌ಕೀಪರ್ ಆಗಿದ್ದವರು. 2017ರ ಆಫ್ರಿಕಾ ಕಪ್ಪಿಗೆ ಗ್ಯಾಬನ್‌ಗೆ ಹೊರಟ ತಂಡದಲ್ಲಿ ಈ ಇಬ್ಬರ ಜೊತೆ ಹದರಿಯೂ ಇದ್ದರು. ಆದರೆ ನಾಲ್ಕು ಕಪ್ಪುಗಳ ಒಡೆಯನಿಗೆ ಮತ್ತೆ ಬೆಂಚು. ನಲವತ್ತನಾಲ್ಕು ತುಂಬಿದ ಎರಡನೆಯ ದಿನ ಮಾಲಿ ಎದುರಿನ ಪಂದ್ಯ. ಇಕ್ರಾಮಿಗೆ ಗಾಯವಾಗಿತ್ತು. ಮೊದಲಾರ್ಧದಲ್ಲೇ ಶೆನಾವಿಯೂ ಗಾಯಗೊಂಡು ಕುಂಟುತ್ತ ಹೊರಬಂದರು. ಹದರಿ ಕೈಗವಸು ಹಾಕಿಕೊಂಡು ಒಳಗೆ ಹೋದರು. ಆಫ್ರಿಕಾ ಕಪ್ಪಿನಲ್ಲಿ ಅಷ್ಟು ವಯಸ್ಸಿನವರು ಅದಕ್ಕೆ ಮೊದಲು ಆಡಿರಲಿಲ್ಲ.

ಮುಂದಿನದನ್ನು ಕೇಳಿ. ಮಾಲಿ, ಉಗಾಂಡಾ, ಘಾನಾ, ಮೊರಾಕೊ: ನಾಲ್ಕು ತಂಡಗಳಲ್ಲಿ ಯಾರಿಗೂ ಈಜಿಪ್ಟ್ ವಿರುದ್ಧ ಗೋಲು ಹೊಡೆಯಲಾಗಲಿಲ್ಲ. ಸೆಮಿಫೈನಲ್‌ನಲ್ಲಿ ಬುರ್ಕಿನಾ ಫಾಸೊ ಒಂದು ಗೋಲು ಹೊಡೆದು ಪಂದ್ಯವನ್ನು ಶೂಟೌಟ್‌ಗೆ ಎಳೆಯಿತು. ಈಜಿಪ್ಟಿನ ಮೊದಲ ಹೊಡೆತವೇ ವ್ಯರ್ಥ. ಬುರ್ಕಿನಾದ ನಾಲ್ಕನೆಯ ಪೆನಾಲ್ಟಿ ಹೊಡೆಯಲು ಬಂದವನು ಆ ತಂಡದ ಗೋಲ್‌ಕೀಪರ್ ಎರ್ವೆ ಕೋಫಿ, ಇಪ್ಪತ್ತರ ಯುವಕ. ಅವನು ಹುಟ್ಟುವ ಹೊತ್ತಿಗೆ ಹದರಿ ಈಜಿಪ್ಟಿನ ಅಂಗಿ ತೊಟ್ಟಾಗಿತ್ತು. ಗೋಲ್‌ಕೀಪರ್ ಹೊಡೆದದ್ದನ್ನು ಗೋಲ್‌ಕೀಪರ್ ತಡೆದರು. ಆಮೇಲೆ ಬರ್ಟ್ರಾಂಡ್ ತ್ರಾವೊರೆ ಹೊಡೆದ ಕೊನೆಯ ಪೆನಾಲ್ಟಿಯನ್ನೂ ತಡೆದು ತಂಡವನ್ನು ಫೈನಲ್ ಮುಟ್ಟಿಸಿದರು. ಫೈನಲ್‌ನಲ್ಲಿ ಕ್ಯಾಮರೂನ್ ಕೊನೆಗಳಿಗೆಯ ಗೋಲಿನಿಂದ 2–1 ಗೆದ್ದಿತು. ಐದನೆಯ ಕಪ್ ಕೈತಪ್ಪಿತು. ಆದರೂ ಹದರಿಯ ಜೀವನದ ಶ್ರೇಷ್ಠ ಪಂದ್ಯಾವಳಿ ಯಾವುದೆಂದು ಯಾರಾದರೂ ಕೇಳಿದರೆ, ಗೆದ್ದ ಕಪ್ಪುಗಳನ್ನು ಬದಿಗಿಟ್ಟು ನಾನು ಇದನ್ನೇ ಹೇಳುತ್ತೇನೆ.

ಅದೇ ವರ್ಷ ಅಕ್ಟೋಬರ್ 8ರಂದು ಬೊರ್ಗ್ ಅಲ್ ಅರಬ್‌ನಲ್ಲಿ, ಕಾಂಗೋ ಎದುರು, ಇಂಜುರಿ ಅವಧಿಯಲ್ಲಿ ಮೊಹಮ್ಮದ್ ಸಲಾ ಪೆನಾಲ್ಟಿ ಹೊಡೆದು ಈಜಿಪ್ಟನ್ನು 28 ವರ್ಷಗಳ ಬಳಿಕ ವಿಶ್ವಕಪ್ಪಿಗೆ ಒಯ್ದರು. ಆ ಬದಿಯಲ್ಲಿ ಸಲಾ, ಈ ಬದಿಯ ಗೋಲಿನಲ್ಲಿ ಹದರಿ. ಹದರಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದಾಗ ಸಲಾಗೆ ವಯಸ್ಸು ಮೂರೋ ನಾಲ್ಕೋ.

ರಷ್ಯಾದಲ್ಲಿ ನಡೆದ ಆ ವಿಶ್ವಕಪ್ಪಿನಲ್ಲಿ ಮೊದಲೆರಡು ಪಂದ್ಯಗಳಿಗೆ ಇನ್ನೊಬ್ಬ ಶೆನಾವಿ, ಮೊಹಮ್ಮದ್ ಎಲ್ ಶೆನಾವಿ ನಿಂತರು, ಚೆನ್ನಾಗಿಯೇ ಆಡಿದರು. ಈಜಿಪ್ಟ್ ಎರಡನ್ನೂ ಸೋತು ಹೊರಬಿದ್ದಾಗಿತ್ತು. 2018ರ ಜೂನ್ 25ರಂದು ವೋಲ್ಗೊಗ್ರಾಡ್‌ನಲ್ಲಿ ಸೌದಿ ಅರೇಬಿಯಾ ಎದುರಿನ ಮೂರನೆಯ ಪಂದ್ಯಕ್ಕೆ ಹದರಿ ನಾಯಕನ ಪಟ್ಟಿ ಕಟ್ಟಿಕೊಂಡು ಇಳಿದರು. ವಯಸ್ಸು 45 ವರ್ಷ 161 ದಿನ. ವಿಶ್ವಕಪ್ ಆಡಿದ ಅತ್ಯಂತ ಹಿರಿಯ ಆಟಗಾರ. ಆ ವಿಶ್ವಕಪ್ಪಿಗೆ ಬಂದ ಸೆನೆಗಲ್, ಸರ್ಬಿಯಾ, ಬೆಲ್ಜಿಯಂ ತಂಡಗಳ ತರಬೇತುದಾರರೇ ಅವರಿಗಿಂತ ಚಿಕ್ಕವರು. ಹಿರಿಯರಿಗೆ ಗೌರವಕ್ಕಾಗಿ ಕೊಟ್ಟ ಅವಕಾಶ ಎಂದು ಕೆಲವರು ಅಂದುಕೊಂಡಿದ್ದರು. ಆ ಮಾತು ನಿಂತದ್ದು ಮೊದಲಾರ್ಧದ 41ನೆಯ ನಿಮಿಷದವರೆಗೆ ಮಾತ್ರ. ಫಹಾದ್ ಅಲ್ ಮುವಲ್ಲದ್ ಪೆನಾಲ್ಟಿಯನ್ನು ಬಲವಾಗಿ, ಎತ್ತರಕ್ಕೆ ಹೊಡೆದರು. ಹದರಿ ಸರಿಯಾದ ದಿಕ್ಕಿಗೆ ಜಿಗಿದು ಕೈ ಚಾಚಿದರು. ಬೆರಳಿಗೆ ತಾಗಿದ ಚೆಂಡು ಮೇಲಿನ ಕಂಬಕ್ಕೆ ಬಡಿದು ಹಿಂದಕ್ಕೆ ಬಂದಿತು. ಗೌರವಕ್ಕಾಗಿ ಯಾರೂ ಹೀಗೆ ಪೆನಾಲ್ಟಿ ತಡೆಯುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಸೌದಿಗೆ ಇನ್ನೊಂದು ಪೆನಾಲ್ಟಿ ಸಿಕ್ಕಿತು, ಅದು ಗೋಲಾಯಿತು. ಈಜಿಪ್ಟ್ 2–1ರಿಂದ ಸೋತಿತು. ಹದರಿಯ ವಿಶ್ವಕಪ್ ಲೆಕ್ಕ ಇಷ್ಟೇ: ಒಂದು ಪಂದ್ಯ, ಒಂದು ಸೋಲು, ತಡೆದ ಒಂದು ಪೆನಾಲ್ಟಿ. ಅದೇ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದರು.

2021ರಲ್ಲಿ ಕಾರ್ಲೋಸ್ ಕ್ವೀರೋಜ್ ಈಜಿಪ್ಟಿನ ತರಬೇತುದಾರರಾಗಿ ಬಂದಾಗ ಗೋಲ್‌ಕೀಪರ್‌ಗಳ ತರಬೇತಿಗೆ ಹದರಿಯನ್ನು ತೆಗೆದುಕೊಂಡರು. ಮರುವರ್ಷ ಜನವರಿಯಲ್ಲಿ ಕ್ಯಾಮರೂನ್‌ನಲ್ಲಿ ಆಫ್ರಿಕಾ ಕಪ್. ಐವರಿ ಕೋಸ್ಟ್ ಎದುರಿನ ಪಂದ್ಯದ ಕೊನೆಯಲ್ಲಿ ಮೊಹಮ್ಮದ್ ಎಲ್ ಶೆನಾವಿ ಗಾಯಗೊಂಡರು. ಬೆಂಚಿನಿಂದ ಎದ್ದು ಹೋದವರು ಮೊಹಮ್ಮದ್ ಅಬು ಗಬಲ್, ಎಲ್ಲರ ಬಾಯಲ್ಲಿ ಗಬಸ್ಕಿ. ಮೂವತ್ಮೂರರ ಹೊಸ್ತಿಲಲ್ಲಿದ್ದ ಎರಡನೆಯ ಸಾಲಿನ ಗೋಲ್‌ಕೀಪರ್. ಅಂದಿನ ಶೂಟೌಟ್‌ನಲ್ಲಿ ಒಂದು ಪೆನಾಲ್ಟಿ ತಡೆದರು. ಸೆಮಿಫೈನಲ್‌ನಲ್ಲಿ ಆತಿಥೇಯ ಕ್ಯಾಮರೂನ್ ವಿರುದ್ಧ ಎರಡು ತಡೆದರು. ಸೆನೆಗಲ್ ಎದುರಿನ ಫೈನಲ್‌ನಲ್ಲಿ, ಪಂದ್ಯ ಶುರುವಾದ ಏಳನೆಯ ನಿಮಿಷಕ್ಕೆ, ಸಾದಿಯೊ ಮಾನೆಯ ಪೆನಾಲ್ಟಿಯನ್ನೂ ತಡೆದರು. ಕಪ್ ಶೂಟೌಟ್‌ನಲ್ಲಿ ಸೆನೆಗಲ್ ಪಾಲಾಯಿತು. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಗಬಸ್ಕಿಗೆ ಬಂದಿತು.

ನಮಸ್ಕಾರ.